ಕ್ಷೇತ್ರಗಣಿತದಲ್ಲಿ ‘ಕರ್ಣ’ ಶಬ್ದದ ಅರ್ಥ ಮತ್ತು ಮೂಲ

ಪ್ರಾಚೀನ ಗಣಿತಗ್ರಂಥಗಳ ಹಸ್ತಪ್ರತಿಗಳನ್ನು ಓದುವವರಿಗೆ ಅಪರಿಚಿತ ಶಬ್ದಗಳಿಗಿಂತ ಪರಿಚಿತ ಶಬ್ದಗಳೇ ಹೆಚ್ಚಿನ ತೊಡಕನ್ನು ಒಡ್ಡುತ್ತವೆ. ಅಪರಿಚಿತ ಶಬ್ದ ಕಂಡೊಡನೆ ಓದುಗನು ನಿಂತು ಕೋಶವನ್ನು ನೋಡುತ್ತಾನೆ. ಪರಿಚಿತ ಶಬ್ದಕ್ಕಾದರೋ ಇಂದಿನ ಬಳಕೆಯ ಅರ್ಥವನ್ನೇ ಹಚ್ಚಿ ಮುಂದೆ ಸಾಗಿಬಿಡುತ್ತಾನೆ. ಕ್ಷೇತ್ರಗಣಿತದ ‘ಕರ್ಣ’ ಇಂಥ ಶಬ್ದಗಳಲ್ಲೊಂದು. ಕನ್ನಡದ ಶಾಲಾಪಠ್ಯಗಳಲ್ಲಿ ಲಂಬಕೋನ ತ್ರಿಭುಜದ ಅತಿ ದೀರ್ಘ ಬಾಹುವಿಗೆ ‘ವಿಕರ್ಣ’ವೆಂದೂ ಚತುರ್ಭುಜದ ಎದುರುಬದುರಿನ ಮೂಲೆಗಳನ್ನು ಕೂಡಿಸುವ ರೇಖೆಗೆ ‘ಕರ್ಣ’ವೆಂದೂ ಹೆಸರು. ಹಿಂದಿಯ ಪಠ್ಯಗಳಲ್ಲಿ ಇದು ಸರಿಯಾಗಿ ತಿರುವುಮುರುವಾಗಿದೆ. ಅಲ್ಲಿ ತ್ರಿಭುಜದ ಬಾಹು ‘ಕರ್ಣ’, ಚತುರ್ಭುಜದ ರೇಖೆ ‘ವಿಕರ್ಣ’. ಒಂದೇ ಸಂಸ್ಕೃತ ಮೂಲದಿಂದ ಪಾರಿಭಾಷಿಕ ಪದಗಳನ್ನು ಪಡೆದ ಎರಡು ಭಾಷೆಗಳಲ್ಲಿ ಹೀಗೆ ವಿರುದ್ಧ ಅರ್ಥಗಳು ನೆಲೆನಿಂತಿರುವುದು ಕೇವಲ ಕುತೂಹಲದ ಸಂಗತಿಯಲ್ಲ. ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಕನ್ನಡದ ಮೂಲಕ ಓದುವವನೂ ಹಿಂದಿಯ ಮೂಲಕ ಓದುವವನೂ ಒಂದೇ ಸೂತ್ರದಿಂದ ಎರಡು ಬೇರೆ ಬೇರೆ ಆಕೃತಿಗಳನ್ನು ಬರೆದುಕೊಳ್ಳುವ ಸಂಭವವಿದೆ. ಆದುದರಿಂದ ಈ ಶಬ್ದದ ಮೂಲವನ್ನೂ ಅದು ಹಳೆಯ ಗ್ರಂಥಗಳಲ್ಲಿ ಪಡೆದಿದ್ದ ವ್ಯಾಪ್ತಿಯನ್ನೂ ವಿಚಾರಿಸುವುದು ಅವಶ್ಯವಾಗಿದೆ.

1

ಮೊದಲು ‘ಕರ್ಣ’ ಶಬ್ದವಿಲ್ಲದ ಕಾಲವನ್ನು ನೋಡಬೇಕು. ಕರ್ಣದ ವಿಷಯ ಭಾರತದಲ್ಲಿ ಅತಿ ಪ್ರಾಚೀನವಾದರೂ ಅದರ ಹೆಸರು ಅಷ್ಟು ಪ್ರಾಚೀನವಲ್ಲ. ಯಜ್ಞವೇದಿಗಳ ನಿರ್ಮಾಣವನ್ನು ಹೇಳುವ ಶುಲ್ಬಸೂತ್ರಗಳಲ್ಲಿ ಬೌಧಾಯನ, ಆಪಸ್ತಂಬ, ಕಾತ್ಯಾಯನರು ಆಯತದ ಮೂಲೆಯಿಂದ ಮೂಲೆಗೆ ಹಿಡಿದ ಹಗ್ಗವನ್ನು ‘ಅಕ್ಷ್ಣಯಾ ರಜ್ಜು’ ಎಂದು ಕರೆದಿದ್ದಾರೆ. ಅಡ್ಡಲಾಗಿ, ಓರೆಯಾಗಿ ಹಾಯುವ ಹಗ್ಗವೆಂದು ಇದರ ಅರ್ಥ. ಆಯತದ ಉದ್ದವನ್ನು ಅಳೆಯುವ ಹಗ್ಗಕ್ಕೆ ‘ಪಾರ್ಶ್ವಮಾನೀ’ ಎಂದೂ ಅಗಲವನ್ನು ಅಳೆಯುವ ಹಗ್ಗಕ್ಕೆ ‘ತಿರ್ಯಙ್ಮಾನೀ’ ಎಂದೂ ಹೆಸರಿದೆ. ಇವೆರಡು ಬೇರೆಬೇರೆಯಾಗಿ ಉಂಟುಮಾಡುವ ಚೌಕಗಳ ಕ್ಷೇತ್ರಫಲವನ್ನು ಅಕ್ಷ್ಣಯಾ ರಜ್ಜು ತಾನೊಂದೇ ಉಂಟುಮಾಡುತ್ತದೆ ಎಂಬುದು ಬೌಧಾಯನನ ನಿರೂಪಣೆಯ ತಾತ್ಪರ್ಯ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಒಂದನೆಯದಾಗಿ, ಪ್ರಮೇಯವನ್ನು ತ್ರಿಭುಜದ ವಿಷಯವಾಗಿ ಹೇಳದೆ ಆಯತದ ವಿಷಯವಾಗಿ ಹೇಳಿದೆ. ಎರಡನೆಯದಾಗಿ, ಕೋನದ ಪ್ರಸ್ತಾಪವೇ ಇಲ್ಲ. ಸೌಮಿಕ ಮಹಾವೇದಿಯ ಪೂರ್ವದ ಅಂಚು 24, ಪಶ್ಚಿಮದ ಅಂಚು 30, ನಡುಗೆರೆ 36 ಪ್ರಕ್ರಮಗಳು. ಪಶ್ಚಿಮದ ಅಂಚಿನ ಅರ್ಧ 15 ಆಗುತ್ತದೆ. 15ರ ವರ್ಗ 225ನ್ನೂ 36ರ ವರ್ಗ 1296ನ್ನೂ ಕೂಡಿಸಿದರೆ 1521, ಇದು 39ರ ವರ್ಗ. ಹೀಗೆ 15, 36, 39 ಅಳತೆಯ ಹಗ್ಗಗಳನ್ನು ಹಿಡಿದು ವೇದಿಯ ಮೂಲೆಯನ್ನು ನೆಲದ ಮೇಲೆ ಗುರುತಿಸಬಹುದಾಗಿತ್ತು. ಹಗ್ಗದ ಉದ್ದಗಳು ಸರಿಯಾಗಿದ್ದರೆ ಮೂಲೆ ತಾನಾಗಿಯೇ ನೇರವಾಗುತ್ತದೆ. ಕೋನವನ್ನು ಪ್ರತ್ಯೇಕವಾಗಿ ಅಳೆಯುವ ಅಗತ್ಯ ಅಲ್ಲಿ ಇರಲಿಲ್ಲ.

ಗ್ರೀಕ್ ಪರಂಪರೆಯ ಹೆಸರು ಇದಕ್ಕಿಂತ ಭಿನ್ನವಾದುದು. ಅಲ್ಲಿ ಈ ಬಾಹುವಿಗಿರುವ ‘ಹೈಪೊಟೆನ್ಯೂಸ್’ ಎಂಬ ಹೆಸರಿನ ಧಾತ್ವರ್ಥ ‘ಕೆಳಗೆ ಚಾಚಿಕೊಂಡಿರುವುದು’ ಎಂದು, ಅಂದರೆ ಲಂಬಕೋನಕ್ಕೆ ಎದುರಾಗಿ ಹರಡಿಕೊಂಡಿರುವ ರೇಖೆ ಎಂದು. ಆ ಹೆಸರು ಕೋನವನ್ನು ಅಪೇಕ್ಷಿಸುತ್ತದೆ. ಭಾರತೀಯ ಹೆಸರು ಅಪೇಕ್ಷಿಸುವುದಿಲ್ಲ. ಮುಂದೆ ಬಂದ ‘ಕರ್ಣ’ವೂ ಈ ವಿಷಯದಲ್ಲಿ ಅಕ್ಷ್ಣಯಾ ರಜ್ಜುವಿನ ಉತ್ತರಾಧಿಕಾರಿಯೇ ಆಗಿದೆ.

2

ಕ್ರಿ.ಶ. 499ರ ಕಾಲಕ್ಕೆ ಸಲ್ಲುವ ಆರ್ಯಭಟೀಯದ ಗಣಿತಪಾದದಲ್ಲಿ ‘ಕರ್ಣ’ ಶಬ್ದ ಪಾರಿಭಾಷಿಕವಾಗಿ ನೆಲೆಗೊಂಡಿದೆ. ಅದರ 17ನೆಯ ಶ್ಲೋಕದಲ್ಲಿ ಭುಜೆಯ ವರ್ಗ, ಕೋಟಿಯ ವರ್ಗ ಇವುಗಳ ಮೊತ್ತ ಕರ್ಣದ ವರ್ಗಕ್ಕೆ ಸಮವೆಂದು ಹೇಳಿದೆ. ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತನು ಚತುರ್ಭುಜದ ಎರಡು ಅಡ್ಡರೇಖೆಗಳಿಗೂ ತ್ರಿಭುಜದ ದೀರ್ಘಬಾಹುವಿಗೂ ಇದೇ ಶಬ್ದವನ್ನು ಬಳಸಿದ್ದಾನೆ.

‘ಕರ್ಣ’ವೆಂದರೆ ಕಿವಿ. ಓರೆಗೆರೆಗೆ ಕಿವಿಯ ಹೆಸರು ಬಂದುದು ಹೇಗೆ? ಇದಕ್ಕೆ ಎರಡು ಬಗೆಯ ಸಮಾಧಾನಗಳು ಸಾಧ್ಯ. ಸಂಸ್ಕೃತದಲ್ಲಿ ‘ಕರ್ಣ’ಕ್ಕೆ ಹಡಗಿನ ಚುಕ್ಕಾಣಿ ಎಂಬ ಅರ್ಥವೂ ಉಂಟು. ನಾವಿಕನಿಗೆ ‘ಕರ್ಣಧಾರ’ನೆಂಬ ಹೆಸರು ಬಂದುದು ಇದರಿಂದ. ಹಿಂದಿನ ಹಡಗುಗಳಲ್ಲಿ ಚುಕ್ಕಾಣಿಯ ಹುಟ್ಟು ಹಿಂಭಾಗದಲ್ಲಿ ಓರೆಯಾಗಿ ನೀರಿಗಿಳಿಯುತ್ತಿದ್ದುದರಿಂದ ಓರೆಗೆರೆಗೂ ಆ ಹೆಸರು ಬಂದಿರಬಹುದೆಂದು ಊಹಿಸಲು ಅವಕಾಶವಿದೆ. ಆದರೆ ಈ ಊಹೆ ಓರೆತನವನ್ನು ಮಾತ್ರ ವಿವರಿಸುತ್ತದೆ. ಮೂಲೆಯಿಂದ ಮೂಲೆಗೆ ಸಾಗುವ ಗುಣವನ್ನು ವಿವರಿಸುವುದಿಲ್ಲ. ಆಕೃತಿಗಳ ಇತರ ಅಂಗಗಳ ಹೆಸರುಗಳೊಡನೆಯೂ ಇದಕ್ಕೆ ಸಂಬಂಧ ಕಾಣದು.

ಎರಡನೆಯ ಸಮಾಧಾನ ಆ ಇತರ ಹೆಸರುಗಳಿಂದಲೇ ಹೊರಡುತ್ತದೆ. ಭಾರತೀಯ ಕ್ಷೇತ್ರಗಣಿತದಲ್ಲಿ ಆಕೃತಿಯನ್ನು ದೇಹದಂತೆ ಕಾಣುವ ಪರಿಪಾಠ ಬಹು ಹಳೆಯದು. ಶತಪಥ ಬ್ರಾಹ್ಮಣದಲ್ಲಿ ವೇದಿಯನ್ನು ಸ್ತ್ರೀದೇಹಕ್ಕೆ ಹೋಲಿಸಿದೆ. ಶುಲ್ಬಸೂತ್ರಗಳಲ್ಲಿ ವೇದಿಯ ಹಿಂದಿನ ಎರಡು ಮೂಲೆಗಳಿಗೆ ‘ಶ್ರೋಣಿ’ (ಸೊಂಟ) ಎಂದೂ ಮುಂದಿನ ಎರಡು ಮೂಲೆಗಳಿಗೆ ‘ಅಂಸ’ (ಹೆಗಲು) ಎಂದೂ ಹೆಸರು. ಮುಂದಿನ ಗಣಿತಗ್ರಂಥಗಳಲ್ಲಿ ಚತುರ್ಭುಜದ ಮೇಲಿನ ಬಾಹು ‘ಮುಖ’, ಪಕ್ಕದ ಬಾಹುಗಳು ‘ಭುಜ’ ಅಥವಾ ‘ಬಾಹು’. ಆಕೃತಿಯ ಎಲ್ಲ ಮೂಲೆಗಳನ್ನು ಮುಟ್ಟುವ ವೃತ್ತದ ತ್ರಿಜ್ಯಕ್ಕೆ ಬ್ರಹ್ಮಗುಪ್ತನು ‘ಹೃದಯರಜ್ಜು’ ಎಂದಿದ್ದಾನೆ. ತಳದ ಬಾಹುವೊಂದು ಮಾತ್ರ ದೇಹಕ್ಕೆ ಸೇರದೆ ‘ಭೂಮಿ’ ಎನಿಸಿಕೊಂಡಿದೆ. ನಿಂತ ದೇಹಕ್ಕೆ ನೆಲ ಬೇಕಾಗುವುದು ಸಹಜವೇ. ಮುಖ, ಭುಜ, ಹೃದಯಗಳಿರುವ ಈ ದೇಹದಲ್ಲಿ ಕರ್ಣಕ್ಕೆ ಸ್ಥಾನ ದೊರೆಯುವುದು ಮುಖದ ಎರಡು ತುದಿಗಳಲ್ಲಿ, ಎಂದರೆ ಮೇಲಿನ ಎರಡು ಮೂಲೆಗಳಲ್ಲಿ.

ಕರ್ಣಕ್ಕೆ ‘ಮೂಲೆ’ ಎಂಬ ಅರ್ಥವಿದ್ದುದಕ್ಕೆ ಗಣಿತದ ಹೊರಗೂ ಆಧಾರವಿದೆ. ದ್ರಾವಿಡ ಶೈಲಿಯ ದೇವಾಲಯಗಳ ವಾಸ್ತುವಿನಲ್ಲಿ ವಿಮಾನದ ಪ್ರತಿ ತಲದ ಮೂಲೆಗಳಲ್ಲಿ ಬರುವ ಚಿಕ್ಕ ಚೌಕ ಗುಡಿಯಾಕೃತಿಗೆ ‘ಕರ್ಣಕೂಟ’ವೆಂದು ಹೆಸರು. ಚಾಲುಕ್ಯ, ರಾಷ್ಟ್ರಕೂಟರ ಕಟ್ಟಡಗಳನ್ನು ವರ್ಣಿಸುವವರೆಲ್ಲರಿಗೂ ಇದು ಚಿರಪರಿಚಿತ ಶಬ್ದ. ಅಲ್ಲಿ ‘ಕರ್ಣ’ವೆಂದರೆ ಓರೆಯೆಂಬ ಅರ್ಥವೇ ಇಲ್ಲ, ಮೂಲೆಯೆಂದೇ ಅರ್ಥ. ಮೂಲೆಯ ಹೆಸರು ಮೂಲೆಗೆ ಬರುವ ಗೆರೆಗೂ ವಿಸ್ತರಿಸಿತೆಂದು ತಿಳಿಯುವುದು ಚುಕ್ಕಾಣಿಯ ಊಹೆಗಿಂತ ಸರಳವಾದುದು.

ಕರ್ಣಕ್ಕೆ ಪರ್ಯಾಯವಾಗಿ ಗಣಿತಜ್ಞರು ‘ಶ್ರುತಿ’, ‘ಶ್ರವಣ’ ಎಂಬ ಶಬ್ದಗಳನ್ನೂ ಬಳಸಿದ್ದಾರೆ. ಎರಡನೆಯ ಭಾಸ್ಕರನ ಲೀಲಾವತಿಯಲ್ಲಿ (ಕ್ರಿ.ಶ. 1150) ಇವು ಹೇರಳವಾಗಿವೆ. ಇವೆಲ್ಲ ಕಿವಿಯನ್ನೇ ಸೂಚಿಸುವ ಶಬ್ದಗಳು, ಚುಕ್ಕಾಣಿಯನ್ನು ಸೂಚಿಸುವವಲ್ಲ. ಆದರೂ ಇವುಗಳಿಂದ ಮೂಲ ಸಿದ್ಧವಾಯಿತೆಂದು ಹೇಳಲಾಗದು. ಛಂದಸ್ಸಿನ ಅಗತ್ಯಕ್ಕಾಗಿ ಪರ್ಯಾಯಪದಗಳನ್ನು ಹುಡುಕಿದ ಶಾಸ್ತ್ರಕಾರರು ಆ ಶಬ್ದವನ್ನು ಕಿವಿಯೆಂದೇ ತಿಳಿದಿದ್ದರೆಂಬಷ್ಟು ಮಾತ್ರ ಇವು ತೋರಿಸುತ್ತವೆ. ಮೂಲದ ವಿಷಯದಲ್ಲಿ ಬಲವಾದ ಸಾಕ್ಷ್ಯವೆಂದರೆ ದೇಹರೂಪಕದ ಹೆಸರುಗಳ ಸಮುದಾಯ ಮತ್ತು ವಾಸ್ತುವಿನ ಬಳಕೆ, ಇವೆರಡೇ.

3

ಇನ್ನು ಶಬ್ದದ ವ್ಯಾಪ್ತಿಯ ವಿಚಾರ. ಹಳೆಯ ಗ್ರಂಥಗಳಲ್ಲಿ ಕರ್ಣವು ಮೂರು ಸ್ಥಾನಗಳಲ್ಲಿ ಕಾಣಸಿಗುತ್ತದೆ. ಆಯತ ಮೊದಲಾದ ಚತುರ್ಭುಜಗಳ ಅಡ್ಡರೇಖೆ ಒಂದು. ಜಾತ್ಯ ತ್ರ್ಯಸ್ರದ, ಎಂದರೆ ಲಂಬಕೋನ ತ್ರಿಭುಜದ, ದೀರ್ಘಬಾಹು ಎರಡು. ಯಾವುದೇ ತ್ರಿಭುಜದ ಪಕ್ಕದ ಬಾಹು ಮೂರು. ಈ ಮೂರನೆಯದು ಇಂದಿನ ಓದುಗನಿಗೆ ಅತ್ಯಂತ ಅಪರಿಚಿತವಾದುದು. ಕ್ರಿ.ಶ. 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯವನ್ನು ರಚಿಸಿದ ಒಂದನೆಯ ಭಾಸ್ಕರನು ತ್ರಿಭುಜದ ಉದಾಹರಣೆಗಳನ್ನು ಕೊಡುವಾಗ ಪಕ್ಕದ ಬಾಹುಗಳನ್ನೇ ಕರ್ಣಗಳೆಂದು ಹೇಳಿದ್ದಾನೆ. 13 ಮತ್ತು 15 ಅಳತೆಯ ಎರಡು ಬಾಹುಗಳೂ 14 ಅಳತೆಯ ಭೂಮಿಯೂ ಉಳ್ಳ ವಿಷಮ ತ್ರಿಭುಜ ಅವುಗಳಲ್ಲೊಂದು.

ಈ ಉದಾಹರಣೆಯನ್ನು ಇಂದಿನ ಅರ್ಥದಿಂದ ಓದಿದರೆ ಏನಾಗುತ್ತದೆಂದು ನೋಡಬಹುದು. ಕರ್ಣವೆಂದರೆ ಲಂಬಕೋನಕ್ಕೆ ಎದುರಾದ ಬಾಹುವೆಂದು ತಿಳಿದವನಿಗೆ 13 ಕರ್ಣವಾಗಲಾರದು, ಏಕೆಂದರೆ ಭೂಮಿಯೇ ಅದಕ್ಕಿಂತ ದೊಡ್ಡದು. 15ನ್ನು ಕರ್ಣವೆಂದು ಹಿಡಿದರೆ ಅದರ ವರ್ಗ 225, ಉಳಿದೆರಡರ ವರ್ಗಗಳ ಮೊತ್ತ 365. ಲೆಕ್ಕ ಕೂಡುವುದಿಲ್ಲ. ಕರ್ಣವೆಂದರೆ ಚತುರ್ಭುಜದ ಅಡ್ಡರೇಖೆಯೆಂದು ತಿಳಿದವನು ಎರಡು ಕರ್ಣಗಳನ್ನು ಕಂಡು ಇದನ್ನು ಚತುರ್ಭುಜವೆಂದೇ ಭಾವಿಸಿಯಾನು. ಉಳಿದ ಮೂರು ಬಾಹುಗಳ ಅಳತೆ ಪ್ರತಿಯಲ್ಲಿ ಲುಪ್ತವಾಗಿದೆಯೆಂದು ಟಿಪ್ಪಣಿಯನ್ನೂ ಬರೆದಾನು. ಎರಡು ಓದುಗಳಲ್ಲಿಯೂ ದೋಷವು ಪ್ರತಿಯ ಮೇಲೆ ಬೀಳುತ್ತದೆ, ಪಾಠವು ಶುದ್ಧವಾಗಿಯೇ ಇರುತ್ತದೆ.

ಭಾಸ್ಕರನು ಹೀಗೆ ಕರೆದುದಕ್ಕೆ ಗಣಿತಗತವಾದ ಕಾರಣವೂ ಇದೆ. ವಿಷಮ ತ್ರಿಭುಜದ ಶಿರಸ್ಸಿನಿಂದ ಭೂಮಿಗೆ ಲಂಬವನ್ನು ಇಳಿಸಿದರೆ ಭೂಮಿ ಎರಡು ತುಂಡುಗಳಾಗುತ್ತದೆ. ಈ ತುಂಡುಗಳಿಗೆ ‘ಆಬಾಧಾ’ ಎಂದು ಹೆಸರು. ಪ್ರಕೃತ ಉದಾಹರಣೆಯಲ್ಲಿ ಬಾಹುಗಳ ವರ್ಗಗಳ ಅಂತರ 225ರಲ್ಲಿ 169ನ್ನು ಕಳೆದು 56. ಇದನ್ನು ಭೂಮಿ 14ರಿಂದ ಭಾಗಿಸಿದರೆ 4. ಭೂಮಿಗೆ 4ನ್ನು ಕೂಡಿಸಿ ಅರ್ಧಿಸಿದರೆ 9, ಕಳೆದು ಅರ್ಧಿಸಿದರೆ 5. ಹೀಗೆ ಆಬಾಧೆಗಳು 5 ಮತ್ತು 9, ಲಂಬ 12, ಕ್ಷೇತ್ರಫಲ 84. ಆಗ 13 ಎಂಬುದು 5 ಮತ್ತು 12ಕ್ಕೆ ಕರ್ಣ, 15 ಎಂಬುದು 9 ಮತ್ತು 12ಕ್ಕೆ ಕರ್ಣ. ಇಡೀ ತ್ರಿಭುಜದ ದೃಷ್ಟಿಯಿಂದ ಬಾಹುವಾದುದು ಲಂಬದ ದೃಷ್ಟಿಯಿಂದ ಕರ್ಣವಾಗುತ್ತದೆ. ಆದುದರಿಂದ ಕರ್ಣವೆಂಬುದು ಒಂದು ಆಕೃತಿಯ ನಿಯತವಾದ ಅಂಗದ ಹೆಸರಲ್ಲ. ನೆಟ್ಟಗಿರುವ ಒಂದು ಗೆರೆ, ಮಲಗಿರುವ ಒಂದು ಗೆರೆ, ಇವೆರಡರ ತುದಿಗಳನ್ನು ಕೂಡಿಸುವ ಗೆರೆಯ ಹೆಸರು. ಮೇಲಿನ ಮೂರು ಸ್ಥಾನಗಳೂ ಈ ಒಂದೇ ಲಕ್ಷಣದಲ್ಲಿ ಅಡಗುತ್ತವೆ.

ಛಾಯಾಗಣಿತದ ಬಳಕೆಯೂ ಇದಕ್ಕೆ ಹೊಂದುತ್ತದೆ. 12 ಅಂಗುಲದ ಶಂಕುವಿನ ನೆರಳು 5 ಅಂಗುಲವಾದರೆ ಶಂಕುವಿನ ತುದಿಯಿಂದ ನೆರಳಿನ ತುದಿಗೆ ಇರುವ ಅಂತರ 13 ಅಂಗುಲ. ಇದಕ್ಕೆ ‘ಛಾಯಾಕರ್ಣ’ವೆಂದು ಹೆಸರು. ಇಲ್ಲಿ ಯಾವ ಆಯತವನ್ನೂ ಯಾರೂ ಎಳೆದಿಲ್ಲ. ಆದರೂ ನಿಂತ ಶಂಕು, ಮಲಗಿದ ನೆರಳು, ಇವುಗಳ ತುದಿಗಳನ್ನು ಕೂಡಿಸುವ ಗೆರೆ ಕರ್ಣವೇ ಆಗಿದೆ.

4

ಈ ಹಿನ್ನೆಲೆಯಲ್ಲಿ ಮಹಾವೀರಾಚಾರ್ಯನ ಪ್ರಯೋಗವನ್ನು ಪರಿಶೀಲಿಸಬಹುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಈ ಜೈನಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಅದರ ಕ್ಷೇತ್ರಗಣಿತ ವ್ಯವಹಾರದ ಆರಂಭದಲ್ಲಿ ಆಕೃತಿಗಳ ವರ್ಗೀಕರಣವಿದೆ. ಸಮ, ದ್ವಿಸಮ, ವಿಷಮವೆಂದು ತ್ರಿಭುಜಗಳು 3, ಚತುರ್ಭುಜಗಳು 5, ವೃತ್ತಸಂಬಂಧಿಗಳು 8, ಒಟ್ಟು 16. ಇಲ್ಲಿ ತ್ರಿಭುಜಗಳನ್ನು ಬಾಹುಗಳಿಂದ ವಿಭಾಗಿಸಿದೆಯೇ ಹೊರತು ಕೋನಗಳಿಂದಲ್ಲ. ಲಂಬಕೋನ ತ್ರಿಭುಜವೆಂಬ ಪ್ರತ್ಯೇಕ ವರ್ಗ ಈ 16ರಲ್ಲಿ ಇಲ್ಲ.

ಹಾಗಾದರೆ ಅದು ಎಲ್ಲಿದೆ? ಅದೇ ಅಧ್ಯಾಯದ ಮುಂದಿನ ಭಾಗವಾದ ‘ಜನ್ಯವ್ಯವಹಾರ’ದಲ್ಲಿ ಇದಕ್ಕೆ ಉತ್ತರವಿದೆ. ‘ಬೀಜ’ಗಳೆಂಬ ಎರಡು ಸಂಖ್ಯೆಗಳಿಂದ ಆಕೃತಿಯನ್ನು ಹುಟ್ಟಿಸುವ ಕ್ರಮವನ್ನು ಆಚಾರ್ಯನು ಅಲ್ಲಿ ಹೇಳುತ್ತಾನೆ. ಬೀಜಗಳ ವರ್ಗಗಳ ಅಂತರ ಕೋಟಿ, ಬೀಜಗಳ ಗುಣಲಬ್ಧದ ಇಮ್ಮಡಿ ಭುಜ, ವರ್ಗಗಳ ಮೊತ್ತ ಕರ್ಣ. 2 ಮತ್ತು 3ನ್ನು ಬೀಜಗಳಾಗಿ ತೆಗೆದುಕೊಂಡರೆ ಕೋಟಿ 5, ಭುಜ 12, ಕರ್ಣ 13 ಬರುತ್ತವೆ. ಇಂದಿನ ವಿದ್ಯಾರ್ಥಿ ಇದನ್ನು ಲಂಬಕೋನ ತ್ರಿಭುಜದ ಸೂತ್ರವೆಂದೇ ಓದುತ್ತಾನೆ. ಆದರೆ ಆಚಾರ್ಯನು ಈ ಅಳತೆಗಳನ್ನು ಹೇಳುವುದು ಆಯತ ಚತುರಸ್ರಕ್ಕೆ. ಬೌಧಾಯನನ ಅಕ್ಷ್ಣಯಾ ರಜ್ಜು ಇದ್ದ ಆಯತದಲ್ಲಿಯೇ ಮಹಾವೀರನ ಕರ್ಣವೂ ಇದೆ. ಲಂಬಕೋನ ತ್ರಿಭುಜ ಆ ಆಯತದ ಅರ್ಧ. ಆಯತವನ್ನು ಕರ್ಣದ ಗುಂಟ ಸೀಳಿದರೆ ಕರ್ಣವು ಎರಡು ತುಂಡುಗಳಿಗೂ ಬಾಹುವಾಗುತ್ತದೆ, ಹೆಸರು ಮಾತ್ರ ಬದಲಾಗುವುದಿಲ್ಲ. ‘ಅಡ್ಡರೇಖೆಯೋ ದೀರ್ಘಬಾಹುವೋ’ ಎಂಬ ಇಂದಿನ ಪ್ರಶ್ನೆಗೆ ಆ ಗ್ರಂಥದಲ್ಲಿ ಎಡೆಯೇ ಇಲ್ಲ.

ಒಂದೇ ಲಂಬವುಳ್ಳ ಎರಡು ಜನ್ಯಗಳನ್ನು ಜೋಡಿಸಿದರೆ ವಿಷಮ ತ್ರಿಭುಜವೂ ಹುಟ್ಟುತ್ತದೆ. 5, 12, 13ನ್ನು 9, 12, 15ರೊಡನೆ ಕೂಡಿಸಿದರೆ ಮೇಲೆ ಹೇಳಿದ 13, 14, 15ರ ತ್ರಿಭುಜವೇ ದೊರೆಯುತ್ತದೆ. ಕರ್ಣವು ಆಯತದಿಂದ ಹೊರಟು ಜಾತ್ಯ ತ್ರಿಭುಜದ ಮೂಲಕ ವಿಷಮ ತ್ರಿಭುಜದ ಬಾಹುವಾಗುವ ದಾರಿ ಇದು.

5

ಗಣಿತಸಾರಸಂಗ್ರಹ ಕನ್ನಡನಾಡಿನಲ್ಲಿ ಎಷ್ಟು ಓದಲ್ಪಟ್ಟಿತೆಂಬುದಕ್ಕೆ ಅದರ ಹಸ್ತಪ್ರತಿಗಳೇ ಸಾಕ್ಷಿ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸುವಾಗ ಕನ್ನಡ ಲಿಪಿಯ ತಾಳೆಯೋಲೆಯ ಪ್ರತಿಗಳನ್ನು ಮುಖ್ಯವಾಗಿ ಆಶ್ರಯಿಸಿದರು. ವಲ್ಲಭನೆಂಬುವನ ಕನ್ನಡ ಟೀಕೆಯೂ ಅವರಿಗೆ ದೊರೆತಿತ್ತು. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವುಗಳನ್ನು ಕನ್ನಡದಲ್ಲಿಯೇ ರಚಿಸಿ ಈ ಶಾಸ್ತ್ರವನ್ನು ದೇಶಭಾಷೆಗೆ ತಂದನು. ಮುಂದೆ 1963ರಲ್ಲಿ ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದ ಸೊಲ್ಲಾಪುರದಿಂದಲೂ, 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದಲೂ ಹೊರಬಂದವು. ಹೀಗೆ ಒಂದೇ ಗ್ರಂಥ ವಿರುದ್ಧ ಪರಿಭಾಷೆಯ ಎರಡು ಭಾಷೆಗಳ ಓದುಗರನ್ನು ಮುಟ್ಟಿದೆ.

‘ವಿಕರ್ಣ’ವನ್ನು ರೇಖೆಯ ಹೆಸರಾಗಿ ನೆಲೆಗೊಳಿಸಿದುದು ಆಧುನಿಕ ಪಠ್ಯಪುಸ್ತಕಗಳು. ಇಂಗ್ಲಿಷಿನ ಎರಡು ಭಿನ್ನ ಪದಗಳಿಗೆ ಎರಡು ಭಿನ್ನ ಪದಗಳು ಬೇಕಾದಾಗ ಹಳೆಯ ಒಂದು ಶಬ್ದಕ್ಕೆ ಉಪಸರ್ಗವನ್ನು ಸೇರಿಸಿ ಇನ್ನೊಂದನ್ನು ಪಡೆಯಲಾಯಿತು. ಉಪಸರ್ಗವನ್ನು ತ್ರಿಭುಜಕ್ಕೆ ಕೊಡಬೇಕೋ ಚತುರ್ಭುಜಕ್ಕೆ ಕೊಡಬೇಕೋ ಎಂಬುದನ್ನು ನಿರ್ಧರಿಸುವ ಆಧಾರ ಹಳೆಯ ಗ್ರಂಥಗಳಲ್ಲಿ ಇರಲಿಲ್ಲ. ಏಕೆಂದರೆ ಅಲ್ಲಿ ಆ ಭೇದವೇ ಇರಲಿಲ್ಲ. ಆದುದರಿಂದ ಕನ್ನಡವು ಒಂದು ದಾರಿಯನ್ನು, ಹಿಂದಿಯು ಇನ್ನೊಂದನ್ನು ಹಿಡಿದುವು. ಇವೆರಡರಲ್ಲಿ ಒಂದು ಶುದ್ಧ, ಇನ್ನೊಂದು ಅಶುದ್ಧವೆಂದು ವಾದಿಸುವುದು ವ್ಯರ್ಥ. ಶಾಲೆಯ ವ್ಯವಹಾರಕ್ಕೆ ಎರಡೂ ಸಾಕು, ಹಸ್ತಪ್ರತಿಯ ಓದಿಗೆ ಎರಡೂ ಸಾಲವು.

6

ಪ್ರತಿಗಳನ್ನು ಪರಿಷ್ಕರಿಸುವವರು ಗಮನದಲ್ಲಿಡಬೇಕಾದ ಕೆಲವು ಅಂಶಗಳು ಈ ವಿಚಾರದಿಂದ ಹೊರಡುತ್ತವೆ.

ಮೊದಲನೆಯದು ಲಿಪಿಗೆ ಸಂಬಂಧಿಸಿದುದು. ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ‘ಕರ್ಣ್ಣ’ ಎಂದು ಬರೆಯುವ ರೂಢಿಯಿದೆ. ಇದು ಬೇರೆ ಶಬ್ದವಲ್ಲ. ಆದರೆ ‘ಕರಣಿ’ ಎಂಬುದು ಬೇರೆಯೇ ಶಬ್ದ. ವರ್ಗಮೂಲದ ಪ್ರಸ್ತಾಪದಲ್ಲಿ ಬರುವ ಪಾರಿಭಾಷಿಕ ಪದವದು. ಕರ್ಣವನ್ನು ತರಲು ವರ್ಗಮೂಲವನ್ನು ತೆಗೆಯಬೇಕಾದುದರಿಂದ ಇವೆರಡೂ ಒಂದೇ ಸಾಲಿನಲ್ಲಿ ಬರುವ ಪ್ರಸಂಗಗಳುಂಟು. ಸವೆದ ಓಲೆಯಲ್ಲಿ ಒಂದನ್ನು ಇನ್ನೊಂದೆಂದು ಓದುವ ಮೊದಲು ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು.

ಎರಡನೆಯದು ಪರ್ಯಾಯಪದಗಳ ವಿಷಯ. ಭೂತಸಂಖ್ಯಾಪದ್ಧತಿಯಲ್ಲಿ ‘ಶ್ರುತಿ’ಯೆಂದರೆ ವೇದ, ಆದುದರಿಂದ 4. ‘ಭುಜ’ವೆಂದರೆ 2. ‘ಕೋಟಿ’ಯಂತೂ ಸ್ವತಃ ಒಂದು ಸಂಖ್ಯೆಯ ಹೆಸರು. ಕ್ಷೇತ್ರಗಣಿತದ ಸೂತ್ರದಲ್ಲಿ ಈ ಮೂರೂ ರೇಖೆಗಳ ಹೆಸರುಗಳು. ಸೂತ್ರವೋ ಉದಾಹರಣೆಯೋ ಎಂದು ಗುರುತಿಸದೆ ಓದಿದರೆ ರೇಖೆಯು ಸಂಖ್ಯೆಯಾಗಿ, ಸಂಖ್ಯೆಯು ರೇಖೆಯಾಗಿ ಕಾಣುತ್ತದೆ.

ಮೂರನೆಯದು ಆಕೃತಿಗಳ ವಿಷಯ. ಆಕೃತಿಯನ್ನು ಬರೆದಿರದ ಪ್ರತಿಗಳಲ್ಲಿ ಅದನ್ನು ಊಹಿಸಿ ಸೇರಿಸುವ ಹೊಣೆ ಸಂಪಾದಕನದು. ಕರ್ಣವೆಂಬ ಶಬ್ದವೊಂದನ್ನೇ ನೋಡಿ ಲಂಬಕೋನವನ್ನಾಗಲಿ ಆಯತವನ್ನಾಗಲಿ ಬರೆದುಬಿಡಬಾರದು. ಭೂಮಿ, ಮುಖ, ಅವಲಂಬಕ, ಆಬಾಧಾ ಎಂಬವುಗಳಲ್ಲಿ ಯಾವುವು ಜೊತೆಗಿವೆಯೆಂದು ನೋಡಬೇಕು. ಮುಖವಿದ್ದರೆ ಅದು ಚತುರ್ಭುಜ. ಮುಖವಿಲ್ಲದೆ ಆಬಾಧೆಗಳಿದ್ದು ಎರಡು ಅಸಮ ಕರ್ಣಗಳಿದ್ದರೆ ಅದು ವಿಷಮ ತ್ರಿಭುಜ. ಕೋಟಿ, ಭುಜಗಳೊಡನೆ ಒಂದೇ ಕರ್ಣವಿದ್ದರೆ ಅದು ಆಯತ ಅಥವಾ ಅದರ ಅರ್ಧ. ಅನುವಾದದಲ್ಲಿ ‘ಕರ್ಣ’ವನ್ನು ಹಾಗೆಯೇ ಉಳಿಸಿಕೊಂಡು, ಆಯಾ ಸಂದರ್ಭದಲ್ಲಿ ಅದು ಯಾವ ರೇಖೆಯೆಂದು ಟಿಪ್ಪಣಿಯಲ್ಲಿ ಹೇಳುವುದು ‘ವಿಕರ್ಣ’ವೆಂದು ಬದಲಿಸುವುದಕ್ಕಿಂತ ಮೇಲು. ಬದಲಿಸಿದ ಶಬ್ದವನ್ನು ಓದಿದವನಿಗೆ ಆಚಾರ್ಯನ ಮೂಲಶಬ್ದ ಯಾವುದಿತ್ತೆಂದು ತಿಳಿಯುವ ಮಾರ್ಗ ಉಳಿಯುವುದಿಲ್ಲ.

ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳ ಓಲೆಗಳನ್ನು ಕೆ. ಭುಜಬಲಿ ಶಾಸ್ತ್ರಿಗಳು ಪಟ್ಟಿಮಾಡಿ 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯು ಇಂಥ ಅಧ್ಯಯನಕ್ಕೆ ತಳಹದಿಯನ್ನು ಒದಗಿಸಿದೆ. ಗಣಿತದ ಓಲೆಗಳಲ್ಲಿ ಬರುವ ಪಾರಿಭಾಷಿಕ ಶಬ್ದಗಳನ್ನು ಅವುಗಳ ಪ್ರಯೋಗಸ್ಥಾನಗಳೊಡನೆ ಸಂಗ್ರಹಿಸಿ, ಕರ್ಣದಂತೆಯೇ ಭುಜ, ಕೋಟಿ, ಅವಲಂಬಕ, ಆಬಾಧಾ, ಜನ್ಯಗಳ ಅರ್ಥವ್ಯಾಪ್ತಿಯನ್ನೂ ನಿಶ್ಚಯಿಸುವುದು ಮುಂದಿನ ಕೆಲಸ. ಅಂಥದೊಂದು ಕೋಶ ಸಿದ್ಧವಾದರೆ ಮುಂದಿನ ಸಂಪಾದಕರು ಶುದ್ಧಪಾಠವನ್ನು ಅಶುದ್ಧವೆಂದು ತಿದ್ದುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.